ಚಿತ್ರಪುಸ್ತಕವನ್ನು ಪರೀಕ್ಷಿಸುವ ಬಗೆ

ಪುಟ್ಟ ಮಕ್ಕಳಿಗೆಂದು ಚಿತ್ರದ ಪುಸ್ತಕವನ್ನು ಕೊಳ್ಳಹೊರಟ ಹಿರಿಯರು ಅಂಗಡಿಯಲ್ಲಿ ನಿಂತು ಸಾಮಾನ್ಯವಾಗಿ ಮಾಡುವುದೇನೆಂದರೆ, ಹಾಳೆಗಳನ್ನು ಸರಸರನೆ ಮಗುಚಿ, ಬಣ್ಣ ಗಾಢವಾಗಿದೆಯೇ ಎಂದು ನೋಡಿ, ಕೊನೆಯ ಪುಟದಲ್ಲಿ ನೀತಿಯುಂಟೇ ಎಂದು ಹುಡುಕಿ, ಬೆಲೆಯನ್ನು ಚೌಕಾಸಿ ಮಾಡುವುದು. ಇಷ್ಟರಿಂದ ಪುಸ್ತಕದ ಗುಣ ತಿಳಿಯಲಾರದು. ಮಾತು ಹೇಳದೆ ಬಿಟ್ಟುದನ್ನು ಚಿತ್ರವು ಹೇಳುತ್ತಿದೆಯೇ ಎಂಬುದೇ ಮೊದಲು ಕೇಳತಕ್ಕ ಪ್ರಶ್ನೆ. ಉಳಿದುವೆಲ್ಲ ಅದರ ಹಿಂದೆ ಬರತಕ್ಕವು.

ಚಿತ್ರವಿರುವ ಪುಸ್ತಕಗಳೆಲ್ಲವೂ ಈ ಜಾತಿಗೆ ಸೇರಿದವಲ್ಲ. ಶಿವರಾಮ ಕಾರಂತರು 1936ರಲ್ಲಿ ಹೊರತಂದ ‘ಬಾಲ ಪ್ರಪಂಚ’ದ ಮೂರು ಸಂಪುಟಗಳಲ್ಲಿ ಚಿತ್ರಗಳಿಗೆ ಕೊರತೆಯಿಲ್ಲವಾದರೂ ಅವುಗಳ ಕಾರ್ಯ ವಿವರಣೆಗೆ ನೆರವಾಗುವುದಷ್ಟೇ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಾದರೋ ಇಲಿಗಳ ದಂಡು ಪದ್ಯದ ಓಟದಲ್ಲಿಯೇ ಕಣ್ಣಿಗೆ ಕಟ್ಟುವುದರಿಂದ, ಚಿತ್ರಕಾರನು ಅವೇ ಇಲಿಗಳನ್ನು ಮತ್ತೊಮ್ಮೆ ಬರೆದಿಟ್ಟರೆ ಅಲಂಕಾರವಾದೀತೇ ಹೊರತು ಕಥನವಾಗದು. ಇವುಗಳಿಗೆ ಪ್ರತಿಯಾಗಿ, ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಎಂಬಾಕೆ 1968ರಲ್ಲಿ ಪ್ರಕಟಿಸಿದ ‘ರೋಸೀಸ್ ವಾಕ್’ ಎಂಬ ಕೃತಿಯನ್ನು ನೋಡಬಹುದು. ಅದರಲ್ಲಿರುವುದು 32 ಪದಗಳ ಒಂದೇ ವಾಕ್ಯ: ಕೋಳಿಯೊಂದು ತೋಟದ ಸುತ್ತ ಅಡ್ಡಾಡಿ ಊಟದ ಹೊತ್ತಿಗೆ ಮರಳಿತೆಂದು. ಕೋಳಿಯ ಬೆನ್ನಹಿಂದೆಯೇ ಹೊಂಚುಹಾಕುತ್ತ ಬಂದು, ಕುಂಟೆಯ ಹಿಡಿಯಿಂದ ಪೆಟ್ಟು ತಿಂದು, ಕೊಳಕ್ಕೆ ಬಿದ್ದು, ಕಡೆಗೆ ಜೇನುಹುಳುಗಳಿಂದ ಅಟ್ಟಿಸಿಕೊಳ್ಳುವ ನರಿಯ ಸುದ್ದಿ ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಓದಿಹೇಳುವ ಅಜ್ಜಿಗೆ ತಿಳಿಯದ್ದು ಅಕ್ಷರ ಬಾರದ ಮೊಮ್ಮಗುವಿಗೆ ತಿಳಿದಿರುತ್ತದೆ; “ಅಜ್ಜೀ, ನರಿ!” ಎಂದು ಕೂಗುವ ಅಧಿಕಾರ ಮಗುವಿನದು.

ಎರಡನೆಯ ಪರೀಕ್ಷೆ ಪುಟ ತಿರುವುವ ಕ್ಷಣಕ್ಕೆ ಸಂಬಂಧಿಸಿದ್ದು. ಹೊಸದುರ್ಗದ ಸಮೀಪದ ಹಾಲುರಾಮೇಶ್ವರದಲ್ಲಿ, ಗಂಗಾಕೊಳದ ದಡದಲ್ಲಿ ಕುಳಿತ ಭಕ್ತರು ಗಂಗೆಯನ್ನು ಪ್ರಾರ್ಥಿಸುತ್ತ, ನೀರಿನಿಂದ ತೇಲಿಬರುವ ವಸ್ತುವನ್ನು ಪ್ರಸಾದವೆಂದು ಸ್ವೀಕರಿಸಲು ಕಾದಿರುವ ಪದ್ಧತಿ ಪ್ರಸಿದ್ಧವಾದುದಷ್ಟೆ. ಇದನ್ನೇ ಚಿತ್ರಪುಸ್ತಕವಾಗಿಸಬೇಕೆಂದಿಟ್ಟುಕೊಳ್ಳಿ. ಒಬ್ಬ ಚಿತ್ರಕಾರನು ಮೊದಲ ಪುಟದಲ್ಲಿಯೇ ಕೊಳವನ್ನು ಸೀಳಿದಂತೆ ಬರೆದು ತಳದಲ್ಲಿರುವುದನ್ನೆಲ್ಲ ತೋರಿಸಿಬಿಟ್ಟಾನು. ಮತ್ತೊಬ್ಬನು ಅದೇ ನಿಶ್ಚಲ ಜಲವನ್ನು ಪುಟದಿಂದ ಪುಟಕ್ಕೆ ಹಾಗೆಯೇ ಇರಿಸಿ, ಸುತ್ತ ಕುಳಿತವರ ಮುಖಗಳನ್ನು ಮಾತ್ರ ಮಾರ್ಪಡಿಸುತ್ತ, ತಾಯಿಯ ಸೆರಗು ಹಿಡಿದು ಬಾಗಿ ಇಣುಕುವ ಕೂಸಿನ ಕತ್ತನ್ನು ಪ್ರತಿ ಸಾರಿಯೂ ಬೆರಳಷ್ಟು ಮುಂದಕ್ಕೆ ಚಾಚಿಸುತ್ತ, ಬಲಪುಟದ ಅಂಚಿಗೆ ಬಂದಾಗ ನೀರಿನ ಮೇಲೆ ಒಂದೇ ಒಂದು ವರ್ತುಲವನ್ನು ಎಳೆದು ನಿಲ್ಲಿಸಿಯಾನು. ನನ್ನ ಹಣ ಈ ಎರಡನೆಯವನಿಗೆ. ಅಂಗಡಿಯಲ್ಲಿ ಪುಸ್ತಕವನ್ನು ನೋಡುವಾಗ ಪ್ರತಿಯೊಂದು ಬಲಪುಟದಲ್ಲಿಯೂ ಒಂದು ಉಸಿರಿನಷ್ಟು ಹೊತ್ತು ನಿಂತು, ಮುಂದಿನದನ್ನು ಕಾಣುವ ಆತುರವನ್ನು ಅದು ಹುಟ್ಟಿಸುತ್ತಿದೆಯೇ ಎಂದು ಪರೀಕ್ಷಿಸಬೇಕು.

ಸತ್ಯದ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ಕಂಬಳಿಗೆ ಹೆಸರಾದ ಚಳ್ಳಕೆರೆಯಿರುವ ಜಿಲ್ಲೆಯ ಮಗುವಿಗೆ, ಹತ್ತಿಯ ಉಂಡೆಯಂತಹ ಬಿಳಿಯ ಪ್ರಾಣಿಯನ್ನು ಬರೆದು ಕುರಿಯೆಂದರೆ, ಜೋಲುಗಿವಿಯ ಕರಿಯ, ಮಿಶ್ರವರ್ಣದ ಹಿಂಡನ್ನು ದಿನವೂ ಕಾಣುವ ಆ ಮಗು ಪುಸ್ತಕವನ್ನು ನಂಬೀತೆ? ಹಾಗೆಂದು ಪರದೇಶದ ಹಿಮವೂ ಕರಡಿಯೂ ವರ್ಜ್ಯವೆಂದು ತಿಳಿಯಬಾರದು. ಕಾಣದುದನ್ನು ಕಾಣಿಸುವುದು ಪುಸ್ತಕದ ಪುಣ್ಯಕಾರ್ಯ. ಕಂಡುದನ್ನು ತಪ್ಪಾಗಿ ಕಾಣಿಸುವುದೇ ದೋಷ. ಪ್ರಮಾಣದ ವಿಷಯದಲ್ಲಿ ಮಾತ್ರ ಛಾಯಾಚಿತ್ರದ ಅಳತೆಗೋಲನ್ನು ಹಿಡಿಯುವುದು ಬೇಡ. ನಮ್ಮ ತೊಗಲುಗೊಂಬೆಯವರು ಪಾತ್ರದ ಅಂತಸ್ತಿಗೆ ತಕ್ಕಂತೆ ರಾಜನನ್ನು ದೊಡ್ಡದಾಗಿಯೂ ಸೇವಕನನ್ನು ಚಿಕ್ಕದಾಗಿಯೂ ಕತ್ತರಿಸುತ್ತ ಬಂದವರು. ಅಮ್ಮನನ್ನು ಮನೆಗಿಂತ ಎತ್ತರವಾಗಿ ಬರೆಯುವ ಮಗುವಿನ ನ್ಯಾಯವೂ ಅದೇ.

ವಯಸ್ಸಿಗೆ ಯೋಗ್ಯವೋ ಅಲ್ಲವೋ ಎಂಬ ಪ್ರಶ್ನೆಯನ್ನು ನಮ್ಮ ಕಡೆ ಒನಕೆ ಓಬವ್ವನ ಕಥೆಯೇ ಎತ್ತುತ್ತದೆ. ಚಿತ್ರದುರ್ಗದ ಕೂಸಿಗೆ ಈ ಕಥೆಯನ್ನು ಹೇಳದೆ ಇರಲಾಗದು. ಕಿಂಡಿಯಲ್ಲಿ ನುಸುಳಿಬಂದ ಹೈದರಾಲಿಯ ಸೈನಿಕರ ತಲೆ ಒಡೆದುದನ್ನು ಮೂರು ವರ್ಷದ ಕೂಸಿಗೆ ರಕ್ತದ ಬಣ್ಣದಲ್ಲಿ ತೋರಿಸಲೂ ಆಗದು. ಬಲ್ಲ ಚಿತ್ರಕಾರನು ಶೌರ್ಯವನ್ನು ಒನಕೆಯನ್ನು ಹಿಡಿದ ಮುಷ್ಟಿಯಲ್ಲಿಯೂ, ನೀರಿಗೆಂದು ತಂದು ಬಂಡೆಯ ಬಳಿ ಇಳುಹಿದ ಬರಿಗೊಡದಲ್ಲಿಯೂ, ಊಟಕ್ಕೆ ಕುಳಿತ ಗಂಡನ ಅರಿವಿಲ್ಲದ ಮುಖದಲ್ಲಿಯೂ ತುಂಬಿ, ಪೆಟ್ಟು ಬೀಳುವ ಕ್ಷಣವನ್ನು ಕಿಂಡಿಯ ಕತ್ತಲೆಗೆ ಬಿಟ್ಟುಕೊಡುವನು. ಅಂತಹ ಪುಸ್ತಕ ಆರೇಳು ವರ್ಷದ ಮಗುವಿಗೆ ಧಾರಾಳವಾಗಿ ಸಲ್ಲುತ್ತದೆ. ಭಯವಿಲ್ಲದ ಪುಸ್ತಕವನ್ನೇ ಹುಡುಕುವುದು ತಾಯ್ತಂದೆಯರ ಚಪಲ. ಮಗುವಿಗೆ ಬೇಕಾದುದು ಭಯದಿಂದ ಹೊರಬರುವ ದಾರಿ.

ಕನ್ನಡದ ಪುಸ್ತಕಕ್ಕೆ ವಿಶೇಷವಾದ ಒಂದು ಪರೀಕ್ಷೆಯುಂಟು. ನಮ್ಮ ಲಿಪಿಯ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಸಾಕಷ್ಟು ತೆರವು ಬೇಕು. ಇಂಗ್ಲಿಷ್ ಮೂಲಕ್ಕೆಂದು ಬಿಟ್ಟ ಇಕ್ಕಟ್ಟಾದ ಜಾಗದಲ್ಲಿ ಅನುವಾದವನ್ನು ತುರುಕಿದಾಗ ಒಂದು ಸಾಲಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗಿ, ಆಗತಾನೆ ಅಕ್ಷರ ಕೂಡಿಸುತ್ತಿರುವ ಮಗು ತಬ್ಬಿಬ್ಬಾಗುತ್ತದೆ. ಬಳಿಕ ಗಟ್ಟಿಯಾಗಿ ಓದಿನೋಡಿ: ನಾಲಗೆ ತೊಡರಿದಲ್ಲಿ ಅನುವಾದಕ ಅವಸರಪಟ್ಟಿದ್ದಾನೆಂದೇ ತಿಳಿಯಬೇಕು. (ಈ ಲೇಖನದಂತಹ ಗ್ರಾಂಥಿಕ ವಾಕ್ಯಗಳು ಅಲ್ಲಿ ಒಂದೂ ಇರಬಾರದು.)

ಕಾಗದ, ಹೊಲಿಗೆಗಳ ವಿಚಾರ ಹೆಚ್ಚೇನಿಲ್ಲ; ಎಲ್ಲವನ್ನೂ ಬಾಯಿಗಿಡುವ ಎಳೆಗೂಸಿಗೆ ದಪ್ಪ ರಟ್ಟಿನ, ದುಂಡುಮೂಲೆಯ ಹಾಳೆಗಳಿದ್ದರೆ ಸಾಕು. ಬೆಲೆಗೆ ಹೆದರಬೇಕಾದ ಕಾಲವೂ ಇದಲ್ಲ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯದ ಮಾಲೆಯೂ, 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನ ಪುಸ್ತಕಗಳೂ ಸುಲಭ ಬೆಲೆಯವು. ಅದೇ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳನ್ನು ಮೊಬೈಲಿನಲ್ಲಿ ಬಿಟ್ಟಿಯಾಗಿಯೇ ಓದಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಸಿಕ್ಕರೆ ಮೊದಲು ಅಲ್ಲಿಂದ ತಂದು ಓದಿಹೇಳಿ. ಹಿಂದಿರುಗಿಸುವ ದಿನ ಮಗು ಕೊಡಲೊಲ್ಲೆನೆಂದು ಹಟ ಹಿಡಿದರೆ ಆ ಪುಸ್ತಕವನ್ನು ಕೊಳ್ಳಬಹುದು.