ನೂರು ಮಿಡಿಯ ಲೆಕ್ಕ, ಒಂದು ಲೀಟರಿನ ಜಾಡಿ

ವಾನಳ್ಳಿ ಕಡೆ ಅಪ್ಪೆಮಿಡಿ ಉಪ್ಪಿನಕಾಯಿಯ ಲೆಕ್ಕ ಶುರುವಾಗೋದೇ ನೂರರಿಂದ. ಬೆಂಗಳೂರಿನ ಫ್ಲ್ಯಾಟಿಗೆ ಅಷ್ಟೆಲ್ಲ ಯಾಕೆ? ಹಾಗಾಗಿ ‘ಇಬ್ಬರ ಸಂಸಾರ’ಕ್ಕೆ ಅಂತ ಬರೆದ ಪಾಕವಿಧಾನಗಳು ಎಲ್ಲವನ್ನೂ ಹತ್ತರಿಂದ ಭಾಗಿಸಿ ಕೈತೊಳೆದುಕೊಂಡಿವೆ. ನನ್ನ ತಕರಾರು ಇಲ್ಲೇ.

ಮನೆಯಲ್ಲಿ ಬಿಯರ್ ಕುದಿಸುವವರಿಗೆ ಇದು ಗೊತ್ತು: 19 ಲೀಟರಿನ ಪಾಕವನ್ನು 4 ಲೀಟರಿಗೆ ಇಳಿಸಿದರೂ ಆವಿಯಾಗುವ ನೀರು ಅದೇ ಪ್ರಮಾಣದಲ್ಲಿ ಇಳಿಯೋದಿಲ್ಲ, ಅದು ಪಾತ್ರೆಯ ಬಾಯಗಲವನ್ನೂ ಉರಿಯನ್ನೂ ಕೇಳುತ್ತದೆ. ಉಪ್ಪಿನಕಾಯಿಯೂ ಪಾತ್ರೆಯ ಮಾತೇ ಕೇಳೋದು. ದೊಡ್ಡ ಭರಣಿಯಲ್ಲಿ ಮೇಲಿನ ಮಿಡಿಗಳ ಭಾರ, ಅದರ ಮೇಲೊಂದು ಕಲ್ಲು. ಮಿಡಿ ಬಿಟ್ಟ ನೀರು ತಾನಾಗಿ ಮೇಲೇರಿ ಎಲ್ಲವನ್ನೂ ಮುಳುಗಿಸುತ್ತದೆ. ಅಗಲ ಡಬ್ಬಿಯಲ್ಲಿ ಹತ್ತು ಮಿಡಿ ಹಾಕಿದರೆ ನೀರು ತಳದಲ್ಲೇ ಉಳಿದು, ಮೇಲೆ ಕಂಡ ತೊಟ್ಟಿಗೆ ಬೂಷ್ಟು. ವರ್ಷಕ್ಕೊಮ್ಮೆ ಬರುವ ಮಿಡಿ ಮಾರಾಯ್ರೆ, ಇನ್ನೊಂದು ಸಲ ನೋಡೋಣ ಅನ್ನೋ ಹಾಗಿಲ್ಲ.

ಇನ್ನು ‘ಹತ್ತು ಮಿಡಿಗೆ ಒಂದು ಲೋಟ ಉಪ್ಪು’. ಯಾವ ಮಿಡಿ? ಮರಕ್ಕೊಂದು ಗಾತ್ರ. ಯಾವ ಉಪ್ಪು? ಅದೇ ಲೋಟದಲ್ಲಿ ಪುಡಿಯುಪ್ಪು ಹರಳುಪ್ಪಿಗಿಂತ ಹೆಚ್ಚು ತೂಗುತ್ತದೆ. ಅಜ್ಜಿಯ ಕೈಗೆ ಅಂದಾಜಿತ್ತು, ನಮಗೆ ತಕ್ಕಡಿ ಬೇಕು. ಕಿಲೋ ಮಿಡಿಗೆ ಕಾಲು ಕಿಲೋ ಹರಳುಪ್ಪು ಅಂತ ಬರೆದಿದ್ದರೆ ಅದನ್ನು ಎಷ್ಟಕ್ಕೆ ಬೇಕಾದರೂ ಇಳಿಸಬಹುದಿತ್ತು. ಸಾಸಿವೆ, ಮೆಣಸನ್ನು ಹತ್ತರಿಂದ ಭಾಗಿಸಿಕೊಳ್ಳಿ, ತೊಂದರೆಯಿಲ್ಲ.

ಎತ್ತರದ, ಕಿರಿದಾದ ಗಾಜಿನ ಜಾಡಿ, ಮೇಲೆ ಒತ್ತಲು ಪುಟ್ಟ ಗಾಜಿನ ಬಟ್ಟಲು, ನೀರು ಸಾಲದಿದ್ದರೆ ಕುದಿಸಿ ಆರಿಸಿದ ಗಟ್ಟಿ ಉಪ್ಪುನೀರು: ಈ ಮೂರು ಸಾಲು ಆ ಪಾಕವಿಧಾನಗಳಲ್ಲಿ ಎಲ್ಲೂ ಇಲ್ಲ. ಜಾಡಿಯ ಫೋಟೋ ಮಾತ್ರ ಚೆಂದ ಇದೆ.