ಎಣ್ಣೆ ಹೆಚ್ಚಿದ್ದರೆ ಬಾಲಿನ ಮೈ ನೋಡಿ

ಬೌಲಿಂಗ್ ಬಾಲ್ ಕೊಳ್ಳಲು ಹೊರಟವರ ಮುಂದೆ ಮೊದಲು ಬಂದು ಬೀಳುವುದು ಕೋರ್‌ನ ಚಿತ್ರ. ಬಾಲನ್ನು ಅರ್ಧಕ್ಕೆ ಸೀಳಿದಂತೆ ಬಿಡಿಸಿ, ಒಳಗಿನ ಚಿತ್ರವಿಚಿತ್ರ ಆಕಾರದ ತುಂಡಿಗೆ ಬಣ್ಣ ಬಳಿದು, ಮೇಲೊಂದು ಗಡಸು ಹೆಸರಿಟ್ಟಿರುತ್ತಾರೆ. ಮರುಳಾಗದವರು ಕಡಿಮೆ. ಆದರೆ ಎಣ್ಣೆ ದಟ್ಟವಾಗಿರುವ ಲೇನ್‌ನಲ್ಲಿ ಬಾಲ್ ತಿರುಗುತ್ತದೋ ಜಾರಿಹೋಗುತ್ತದೋ ಎಂಬುದನ್ನು ಬಹುಪಾಲು ತೀರ್ಮಾನಿಸುವುದು ಹೊರಗಿನ ಕವರ್‌ಸ್ಟಾಕ್, ಮತ್ತು ಅದರ ಮೇಲ್ಮೈ ಎಷ್ಟು ಒರಟಾಗಿದೆ ಎಂಬುದು. ಕೋರ್‌ನ ಸರದಿ ಆಮೇಲೆ.

ಮೊದಲು ಲೇನ್ ಅರ್ಥವಾಗಬೇಕು. ಫೌಲ್ ಲೈನ್‌ನಿಂದ ಹೆಡ್ ಪಿನ್‌ಗೆ 60 ಅಡಿ, ಅಗಲಕ್ಕೆ 39 ಹಲಗೆ. ಯಂತ್ರ ಅದರ ಮೇಲೆ ತೆಳುವಾಗಿ ಎಣ್ಣೆ ಹಾಸಿಕೊಂಡು ಹೋಗುತ್ತದೆ. ವಾರಾಂತ್ಯದ ಆಟಗಾರರಿಗೆ ಹಾಕುವ ಹೌಸ್ ಪ್ಯಾಟರ್ನ್ ಸುಮಾರು 40 ಅಡಿಯದು; ನಡುವೆ ದಪ್ಪ, ಅಂಚಿನಲ್ಲಿ ತೆಳು. ಗುರಿ ತುಸು ಹೊರಗೆ ತಪ್ಪಿದರೂ ಒಣ ಅಂಚು ಬಾಲನ್ನು ಒಳಗೆ ಎಳೆದುಕೊಡುತ್ತದೆ. ಸ್ಪರ್ಧೆಯ ಪ್ಯಾಟರ್ನ್‌ಗಳಲ್ಲಿ ಈ ಔದಾರ್ಯ ಕಡಿಮೆ, ಅಂಚಿನಲ್ಲೂ ಎಣ್ಣೆ ಇರುತ್ತದೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಅಮೀಬಾ ಬೌಲಿಂಗ್ ಕೇಂದ್ರದಲ್ಲಿ ರಾಷ್ಟ್ರೀಯ ಸ್ಪರ್ಧೆಗಳು ನಡೆದಿವೆ. ಅಂಥ ಕಡೆ ಆಡುವ ಆಸೆಯಿದ್ದರೆ ಮಾತ್ರ ಹೆವಿ ಆಯಿಲ್ ಬಾಲಿನ ಚಿಂತೆ ಬೇಕು. ಗೆಳೆಯರ ಜೊತೆ ಶನಿವಾರ ಸಂಜೆ ಆಡುವವರಿಗೆ ಅದು ದಂಡದ ಖರ್ಚು.

ಎಣ್ಣೆಯ ಪ್ರಮಾಣದಷ್ಟೇ ಅದರ ಉದ್ದವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೌಲರ್‌ಗಳ ನಡುವೆ '31ರ ಸೂತ್ರ' ಚಾಲ್ತಿಯಲ್ಲಿದೆ: ಪ್ಯಾಟರ್ನ್‌ನ ಉದ್ದದಲ್ಲಿ 31 ಕಳೆಯಿರಿ, ಉಳಿದದ್ದು ಬಾಲ್ ಹೊರಗಿನಿಂದ ಒಳಗೆ ತಿರುಗಬೇಕಾದ ಹಲಗೆಯ ಅಂದಾಜು. 38 ಅಡಿಗೆ 7ನೇ ಹಲಗೆ, 45 ಅಡಿಗೆ 14ನೇ ಹಲಗೆ. ಸ್ಟ್ರೈಕ್‌ನ ಪಾಕೆಟ್ ಇರುವುದು ಹದಿನೇಳೂವರೆಯ ಆಸುಪಾಸಿನಲ್ಲಿ. ಅಂದರೆ 45 ಅಡಿ ಎಣ್ಣೆಯಲ್ಲಿ ಬಾಲ್ ಅಡ್ಡಕ್ಕೆ ಸರಿಯಬೇಕಾದದ್ದು ಮೂರೂವರೆ ಹಲಗೆ ಮಾತ್ರ, ಕೊನೆಗೆ ಸಿಗುವ ಒಣ ಜಾಗ 15 ಅಡಿ ಮಾತ್ರ. ಇಲ್ಲಿ ಕೊನೆ ಗಳಿಗೆಯಲ್ಲಿ ಥಟ್ಟನೆ ಮುರಿದುಕೊಳ್ಳುವ ಬಾಲ್ ಕೆಲಸಕ್ಕೆ ಬಾರದು. ಬೇಗ ನೆಲ ಹಿಡಿದು, ನಿಧಾನಕ್ಕೆ ಬಾಗಿ ಬರುವ ಬಾಲ್ ಬೇಕು. ಕಣ್ಣಿಗೆ ಹಬ್ಬವಾಗುವ ದೊಡ್ಡ ಹುಕ್ ಅಲ್ಲ, ನಂಬಬಹುದಾದ ಸಣ್ಣ ಹುಕ್.

ಮೇಲ್ಮೈ ಏನು ಮಾಡಬಲ್ಲದು ಎಂಬುದನ್ನು 1973ರಲ್ಲೇ ಅಮೆರಿಕದ ಡಾನ್ ಮೆಕ್ಯೂನ್ ತೋರಿಸಿಕೊಟ್ಟರು. ಪ್ಲಾಸ್ಟಿಕ್ ಬಾಲನ್ನು ರಾಸಾಯನಿಕ ದ್ರಾವಣದಲ್ಲಿ ನೆನೆಸಿದರೆ ಮೈ ಮೆತ್ತಗಾಗಿ ಲೇನ್ ಹಿಡಿಯುತ್ತದೆ ಎಂದು ಕಂಡುಕೊಂಡು, ಆ ಒಂದೇ ವರ್ಷ ವೃತ್ತಿಪರ ಬೌಲರ್‌ಗಳ ಪಿಬಿಎ ಟೂರ್‌ನಲ್ಲಿ 6 ಪ್ರಶಸ್ತಿ ಗೆದ್ದರು. ವರ್ಷದ ಆಟಗಾರನೂ ಆದರು. ಆಗಿನ ಬಾಲುಗಳಲ್ಲಿ ಇಂದಿನಂಥ ಕೋರ್ ಇರಲೇ ಇಲ್ಲ. ಲಾಭವೆಲ್ಲ ಚಿಪ್ಪಿನದು. ಆಡಳಿತ ಸಂಸ್ಥೆಗಳು ಗಾಬರಿಯಾಗಿ ಬಾಲಿನ ಗಡಸುತನಕ್ಕೆ ಮಿತಿ ಹಾಕಿದವು. 1980ರ ದಶಕದಲ್ಲಿ ಯುರೆಥೇನ್ ಬಂತು, 1990ರ ದಶಕದ ಶುರುವಿನಲ್ಲಿ ರಿಯಾಕ್ಟಿವ್ ರೆಸಿನ್. ಇದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಎಣ್ಣೆ ಹೀರಿಕೊಳ್ಳುತ್ತದೆ. ದಟ್ಟ ಎಣ್ಣೆಗೆ ಇವತ್ತು ಬೇಕಾದದ್ದು ಇದೇ, ಅದರಲ್ಲೂ ಸಾಲಿಡ್ ಬಗೆ. ಪರ್ಲ್ ಬಗೆಯದು ಎಣ್ಣೆಯ ಮೇಲೆ ಹೆಚ್ಚು ದೂರ ಜಾರುತ್ತದೆ. ಹೈಬ್ರಿಡ್ ಎರಡರ ನಡುವಿನದು.

ಸಾಲಿಡ್ ಎಂದ ಮಾತ್ರಕ್ಕೆ ಮುಗಿಯಲಿಲ್ಲ, ಗ್ರಿಟ್ ಕೇಳಿ. ಉಜ್ಜುವ ಪ್ಯಾಡಿನ ಸಂಖ್ಯೆ ಇಳಿದಷ್ಟೂ ಮೈ ಒರಟು. 4000ದ ಬಾಲ್ ನುಣುಪು, 1000ದ ಬಾಲ್ ಮುಟ್ಟಿದರೆ ತರಿತರಿ. ಆ ತರಿಗಳೇ ಎಣ್ಣೆಯ ಪದರವನ್ನು ಸೀಳಿ ಹಲಗೆಯನ್ನು ತಾಗುವುದು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದ ಮೇಲೆ ಸವೆದ ಚಪ್ಪಲಿಯಲ್ಲಿ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಬಾಲನ್ನು 1000ಕ್ಕೆ ಉಜ್ಜಿ ಒಮ್ಮೆ, ಪಾಲಿಶ್ ಮಾಡಿ ಒಮ್ಮೆ ಉರುಳಿಸಿ ನೋಡಿ. ಎರಡು ಬೇರೆ ಬಾಲುಗಳೇ ಎನಿಸುತ್ತದೆ. ಆಡುತ್ತಾ ಆಡುತ್ತಾ ಒರಟು ಸವೆಯುತ್ತದೆ, ಹೀರಿದ ಎಣ್ಣೆ ಒಳಗೆ ಕೂರುತ್ತದೆ. ಹಾಗಾಗಿ ಆಟ ಮುಗಿದ ಕೂಡಲೇ ಕ್ಲೀನರ್ ಹಾಕಿ ಒರೆಸಬೇಕು, ಆಗಾಗ ಪ್ಯಾಡ್ ಹಿಡಿಯಬೇಕು. ಸ್ಪರ್ಧೆ ಶುರುವಾದ ಮೇಲೆ ಉಜ್ಜುವಂತಿಲ್ಲ. ಏನಿದ್ದರೂ ಮೊದಲೇ ಮುಗಿಸಿಕೊಳ್ಳಿ.

ಕೋರ್‌ಗೆ ಕೆಲಸವೇ ಇಲ್ಲವೆಂದಲ್ಲ. ಎಣ್ಣೆ ಹಾಸಿದ ಲೇನ್‌ನಿಂದ ವಾಪಸ್ ಬಂದ ಬಾಲನ್ನು ಒರೆಸುವ ಮೊದಲು ಬೆಳಕಿಗೆ ಹಿಡಿದು ನೋಡಿ. ಮೈಮೇಲೆ ಎಣ್ಣೆಯ ಉಂಗುರಗಳಿರುತ್ತವೆ. ಎರಡು ಕಡೆ ಹತ್ತಿರ ಸೇರಿ, ನಡುವೆ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದರೆ ಪ್ರತಿ ಸುತ್ತಿಗೂ ಹೊಸ, ಒಣ ಮೈ ಲೇನ್‌ಗೆ ತಾಗಿದೆ ಎಂದರ್ಥ. ಎಲ್ಲ ಒಂದರ ಮೇಲೊಂದು ಬಿದ್ದು ದಪ್ಪ ಪಟ್ಟಿಯಾಗಿದ್ದರೆ ಎಣ್ಣೆ ಬಳಿದ ಜಾಗವೇ ಮತ್ತೆ ಮತ್ತೆ ಉರುಳಿದೆ. ಈ ಬಿಚ್ಚಿಕೊಳ್ಳುವ ಗುಣವನ್ನು ಹೇಳುವ ಸಂಖ್ಯೆಯೇ ಡಿಫರೆನ್ಶಿಯಲ್. ನಿಯಮದ ಮಿತಿ 0.060, ದಟ್ಟ ಎಣ್ಣೆಗೆ 0.050ರ ಸುತ್ತಮುತ್ತ ಇದ್ದರೆ ಚೆನ್ನ. ಆರ್‌ಜಿ ಎಂಬ ಇನ್ನೊಂದು ಸಂಖ್ಯೆ 2.46ರಿಂದ 2.80ರ ಒಳಗಿರಬೇಕು, ಕಡಿಮೆಯಿದ್ದಷ್ಟೂ ಬಾಲ್ ಬೇಗ ಉರುಳತೊಡಗುತ್ತದೆ. 2.50ರ ಆಚೀಚೆಯದನ್ನು ಹುಡುಕಿ.

ಉಳಿದದ್ದು ನಿಮ್ಮ ಕೈಗೆ ಬಿಟ್ಟದ್ದು. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ಎರಡು ಕೈಯಲ್ಲಿ ಎಸೆದು ಬಾಲಿಗೆ ಕೊಡುವ ತಿರುಗು ನಮ್ಮಲ್ಲಿ ಬಹಳ ಮಂದಿಯ ಕೈಗೆಟುಕದು. ಅವರ ಬ್ಯಾಗಿನಲ್ಲಿರುವ ಬಾಲನ್ನೇ ಕೊಂಡರೆ ಅವರ ಹುಕ್ ಬರುವುದಿಲ್ಲ. ವೇಗ ಹೆಚ್ಚು, ತಿರುಗು ಕಡಿಮೆ ಎನ್ನುವವರು ಅಸಿಮೆಟ್ರಿಕ್ (ಆಕಾರ ಸಮವಲ್ಲದ) ಕೋರ್‌ನ, 1000ದ ಗ್ರಿಟ್‌ನ ಸಾಲಿಡ್ ತೆಗೆದುಕೊಳ್ಳಿ. ತಿರುಗು ಚೆನ್ನಾಗಿರುವವರಿಗೆ ಸಿಮೆಟ್ರಿಕ್ ಕೋರ್, 2000 ಗ್ರಿಟ್ ಸಾಕು. ಅವರು ಮತ್ತೂ ಬಿರುಸಿನದನ್ನು ಹಿಡಿದರೆ ಬಾಲ್ ದಾರಿಯಲ್ಲೇ ಶಕ್ತಿ ಕಳೆದುಕೊಂಡು ಪಿನ್‌ಗಳಿಗೆ ಸಪ್ಪಗೆ ಬಡಿಯುತ್ತದೆ. ಕೆಲವು ಗೇಮ್ ಕಳೆದು ಎಣ್ಣೆ ಸವೆದಾಗ ಎಲ್ಲರ ಬಾಲಿಗೂ ಇದೇ ಗತಿ. ಆಗ ಹೈಬ್ರಿಡ್‌ಗೆ ಬದಲಾಯಿಸಿ.

ಎರಡನೇ ದುಬಾರಿ ಬಾಲಿಗೆ ಹಣ ಕೂಡಿಡುವ ಮೊದಲು ಒಂದೆರಡು ಪ್ಯಾಡ್ ಕೊಳ್ಳಿ, ರಂಧ್ರ ಕೊರೆಯುವವರ ಮುಂದೆ ನಾಲ್ಕು ಬಾರಿ ಎಸೆದು ತೋರಿಸಿ. ಬಾಲಿನ ಹೆಸರು ಆಮೇಲೆ ಕೇಳಿದರಾಯಿತು.