ಚಾವಯ್ಯನ ಕಲ್ಲು, ನಮ್ಮ ಗ್ರಾನೈಟು

ತಮ್ಮ ವಾಟ್ಸ್ಯಾಪ್‌ನಲ್ಲಿ ಒಂದು ಡಿಸೈನ್ ಕಳಿಸಿದ್ದಾನೆ. ನಮ್ಮೂರ ಹನುಮಪ್ಪನ ಗುಡ್ಡದ ಕಾಲ್ದಾರಿಗೆ ಮೆಟ್ಟಿಲು ಹಾಕ್ತಿದ್ದಾರೆ. ಒಂದು ತಿರುವಿನ ಖರ್ಚು ನಮ್ಮದು, ಹೋದ ವರ್ಷ ತೀರಿಕೊಂಡ ಅಪ್ಪನ ಹೆಸರಲ್ಲಿ. ಅಲ್ಲಿ ನಿಲ್ಲಿಸೋ ಕರಿ ಗ್ರಾನೈಟಿನ ಮೇಲೆ ಅಪ್ಪನ ಫೋಟೊ, ಒಂದು ಸಾಲು ಹೆಸರು, 'ಸ್ಮರಣಾರ್ಥ' ಅನ್ನೋ ಪದ, ಆಮೇಲೆ ಆರು ಸಾಲು ನಾವೇ. ನನ್ನ ಹೆಸರಿನ ಮುಂದೆ ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು. ಅಪ್ಪ ಓದಿದ್ದು ನಾಲ್ಕನೇ ಇಯತ್ತೆ. ಅದನ್ನ ಯಾರೂ ಬರೆಸಿಲ್ಲ.

ಇದೇ ಕೆಲಸವನ್ನ ನಮ್ಮ ಜಿಲ್ಲೆಯಲ್ಲೇ ಒಬ್ಬ ನೂರಾರು ವರ್ಷ ಹಿಂದೆ ಮಾಡಿಸಿದ್ದಾನೆ. ಕೊಪ್ಪಳದ ಪಾಲ್ಕಿಗುಂಡಿಗೆ ಹತ್ತಿದರೆ, ಅಶೋಕನ ಶಾಸನದ ಹತ್ತಿರವೇ, ಬಂಡೆಯಲ್ಲಿ ಎರಡು ಪಾದ ಕೊರೆದಿವೆ. 'ವರಾಂಗಚರಿತ' ಬರೆದ ಜಟಾಸಿಂಹನಂದಿಯ ಪಾದಗಳು. ಜೊತೆಗೆ ಹಳಗನ್ನಡದ ಒಂದೇ ವಾಕ್ಯ: ಇದು ಆಚಾರ್ಯರ ಪಾದ, ಮಾಡಿಸಿದ್ದು ಚಾವಯ್ಯ. ಮುಗೀತು. ಯಾವೂರ ಚಾವಯ್ಯ, ಏನು ಕೆಲಸದವನು, ಒಂದೂ ಇಲ್ಲ.

ಅಂದ್ರೆ ಹೆಸರು ಹಾಕಿಸೋದೇ ತಪ್ಪು ಅಂತ ನಾನು ಹೇಳೋಕಾಗಲ್ಲ, ಚಾವಯ್ಯನೂ ಹಾಕಿಸಿದ್ದಾನೆ. (ಪಕ್ಕದ ಅಶೋಕ ಇನ್ನೂ ಸಂಕೋಚದವನು. ಕೊಪ್ಪಳದ ಶಾಸನಗಳಲ್ಲಿ ಬರೀ 'ದೇವಾನಾಂಪ್ರಿಯ'. ಹೆಸರು ಓದೋಕೆ 1915ರಲ್ಲಿ ಮಸ್ಕಿ ಶಾಸನವೇ ಸಿಗಬೇಕಾಯ್ತು.) ಆದರೆ ಅವನ ಕಲ್ಲಲ್ಲಿ ತೀರಿಹೋದವರಿಗೆ ಎರಡು ಪಾದದಷ್ಟು ಜಾಗ, ಮಾಡಿಸಿದವನಿಗೆ ಒಂದು ಪದ. ನಮ್ಮದರಲ್ಲಿ ಲೆಕ್ಕ ತಿರುವುಮುರುವು. ಗುಡ್ಡ ಹತ್ತೋರು ನೆಲ ನೋಡ್ಕೊಂಡು ಹತ್ತುತ್ತಾರೆ. ಪಾದ ಅಲ್ಲಿ ಸಹಜವಾಗಿ ಕಣ್ಣಿಗೆ ಬೀಳುತ್ತೆ. ನಮ್ಮ ಕಲ್ಲು ನಿಮ್ಮನ್ನ ತಡೆದು ನಿಲ್ಲಿಸಿ ಓದು ಅನ್ನುತ್ತೆ.

ಅದರ ಕೆಳಗೊಂದು ಕಟ್ಟೆಯೂ ಉಂಟು, ಅದೂ ಕರಿ ಗ್ರಾನೈಟೇ. ನಮ್ಮ ಕಡೆ ಏಪ್ರಿಲ್ ಬಿಸಿಲಲ್ಲಿ ಅದರ ಮೇಲೆ ಕೂತು ನೋಡ್ರಿ! ಅಪ್ಪನ ಜೊತೆ ಅಂಜನಾದ್ರಿಯ 575 ಮೆಟ್ಟಿಲು ಹತ್ತಿದ ದಿನ, ಅವನು ಮೊಣಕಾಲು ಹಿಡ್ಕೊಂಡು ಕೇಳಿದ್ದು ಎರಡೇ: ನೆರಳು, ನೀರು. ಡಿಸೈನ್‌ನಲ್ಲಿ ಎರಡೂ ಇಲ್ಲ. ಮಳೆಗೆ ಮೆಟ್ಟಿಲ ಬುಡದ ಮಣ್ಣು ಕೊಚ್ಚಿ ಹೋದರೆ ಮುಂದಿನ ವರ್ಷ ತುಂಬಿಸೋಕೂ ದುಡ್ಡಿಟ್ಟಿಲ್ಲ. ಅಮೆರಿಕದಲ್ಲಿ ದಾರಿಯನ್ನ 'ದತ್ತು' ತಗೊಳ್ಳೋ ಗುಂಪುಗಳು ಗಿಡಗಂಟಿ ಕಡಿದು, ನೀರು ಹೋಗೋ ಕಾಲುವೆ ಬಿಡಿಸ್ತವೆ. ನಾವು ಮೆಂಟೆನೆನ್ಸ್ ಇಲ್ಲದ ಸಾಫ್ಟ್‌ವೇರ್ ಮುಟ್ಟಲ್ಲ, ಅಪ್ಪನ ದಾರಿಗೆ ಮಾತ್ರ ಒಂದೇ ಸಲದ ಪೇಮೆಂಟ್.

ಇಷ್ಟೂ ತಮ್ಮನಿಗೆ ಹೇಳಿದೆ. ಫೋಟೊನೂ ಬೇಡ ಅಂದೆ.

"ಅಣ್ಣಾ, ನಿನಗ ಶಾಸನ ಓದಾಕ ಬರ್ತೈತಿ. ಅವ್ವಗ ಅಕ್ಷರ ಬರಂಗಿಲ್ಲ. ಫೋಟೊ ಇಲ್ಲಂದ್ರ ಇದು ಅಪ್ಪನ ಕಲ್ಲು ಅಂತ ಆಕಿಗೆ ಹೆಂಗ ಗೊತ್ತಾಗಬೇಕು?"

ಫೋಟೊ ಇರಲಿ ಅಂದೆ. ಆರು ಸಾಲು ತೆಗೆಸಿ, ಆ ದುಡ್ಡಲ್ಲಿ ಎರಡು ಬೇವಿನ ಸಸಿ ಹಚ್ಚಿ ಮೂರು ಬ್ಯಾಸಿಗಿ ನೀರು ಹಾಕ್ಸೂಣು ಅಂತ ಮೆಸೇಜ್ ಹಾಕಿದ್ದೀನಿ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.